ಕಾರಿನ ಬಾಯಿ ಯಾವ ಪಕ್ಕ

ಕಾರು ಮನೆಗೆ ಬರುವ ಮೊದಲೇ ಅದರ ಜಗಳ ಬಂತು.

ಸೊಸೆ ಕರೆಂಟಿನ ಕಾರು ಕೊಂಡಿದ್ದಳು. ಅದಕ್ಕೆ ಚಾರ್ಜ್ ಹಾಕುವ ಪೆಟ್ಟಿಗೆಯನ್ನು ಪೋರ್ಟಿಕೋದ ಗೋಡೆಗೆ ಕೂರಿಸಬೇಕು. ಎಲೆಕ್ಟ್ರಿಷಿಯನ್‌ಗೆ ಬಿಡುವಿರುವುದು ಗುರುವಾರ, ಕಾರು ಬರುವುದು ಶನಿವಾರ. ಹಾಗಾಗಿ ಕಾರಿಗೆ ಚಾರ್ಜ್ ಚುಚ್ಚುವ ಬಾಯಿ ಯಾವ ಪಕ್ಕಕ್ಕಿದೆ ಎಂಬುದು ಮೊದಲೇ ತಿಳಿಯಬೇಕಿತ್ತು.

"ಎಡಗಡೆ," ಎಂದ ಮಗ.

"ಬಲಗಡೆ. ನಾನೇ ಮುಚ್ಚಳ ತೆಗೆದು ನೋಡಿದೀನಿ," ಎಂದಳು ಸೊಸೆ.

"ನೀನು ತೆಗೆದು ನೋಡಿದ್ದು ಪಕ್ಕದ ಕಾರಿಂದು ಕಣೇ."

ಶೋರೂಮಿಗೆ ಫೋನ್ ಮಾಡಿದರೆ ಅಲ್ಲಿಯವನು, "ಒಳಗೆ ಕೂತು ನೋಡಿದ್ರೆ ಒಂದು ಕಡೆ, ಎದುರಿಗೆ ನಿಂತು ನೋಡಿದ್ರೆ ಇನ್ನೊಂದು ಕಡೆ ಸಾರ್," ಎಂದು ಇಬ್ಬರನ್ನೂ ಗೆಲ್ಲಿಸಿಬಿಟ್ಟ.

ನನಗೆ ಬಲಗಡೆಯೇ ಆಗಲಿ ಎಂದಿತ್ತು. ಗೇಟಿನಿಂದ ಒಳಬಂದರೆ ಎಡಗೋಡೆಯ ಬದಿಯಲ್ಲಿ ನನ್ನ ಹೊಲಿಗೆ ಮಿಷನ್ ಇದೆ. ಮದುವೆಯಾದಾಗಿನಿಂದ ಕೂತ ಜಾಗ. ಬೆಳಗಿನ ಬೆಳಕು ನೇರ ಸೂಜಿಯ ಮೇಲೇ ಬೀಳುತ್ತದೆ. ಪೆಟ್ಟಿಗೆ ಆ ಗೋಡೆಗೆ ಬಂದರೆ ಮಿಷನ್ ಉಗ್ರಾಣಕ್ಕೆ ಹೋಗಬೇಕು. ಉಗ್ರಾಣದಲ್ಲಿ ಕಪ್ಪು ದಾರ ಯಾವುದು, ನೀಲಿ ದಾರ ಯಾವುದು ಎಂದು ದಾರವನ್ನೇ ಕೇಳಬೇಕು.

ಆದರೂ ಬಾಯಿಬಿಡಲಿಲ್ಲ. "ಅಳತೆ ತಗೊಂಡು ಬರ್ತೀನಿ," ಎಂದು ಟೇಪು, ಕತ್ತರಿ, ಹಳೆಯ ಪೇಪರಿನ ಕಟ್ಟು ಹಿಡಿದು ಮಗನ ಜೊತೆ ಶೋರೂಮಿಗೆ ಹೋದೆ. ಅವನು ಫೋನಿನಲ್ಲಿ ಮಾತಾಡುತ್ತ ಹೊರಗೇ ಉಳಿದ.

ಅಲ್ಲಿಯ ಹುಡುಗಿ ಓಡಿಬಂದಳು. "ಅಮ್ಮಾ, ಏನ್ ಮಾಡ್ತಿದೀರಾ?"

"ಅಳತೆ ತೆಗೀತಿದೀನಮ್ಮಾ."

"ಕಾರಿಗೆ ಬಟ್ಟೆ ಹೊಲೀತೀರಾ?"

"ಇಷ್ಟು ಸೊಂಟ ಇರೋರಿಗೆ ಇನ್ನೂ ಹೊಲಿದಿಲ್ಲ. ನೋಡೋಣ."

ಕಾರಿನ ಉದ್ದ, ಅಗಲ, ಮೂತಿಯ ದುಂಡು ಎಲ್ಲ ತೆಗೆದುಕೊಂಡೆ. ಬಾಯಿ ಇದ್ದದ್ದು ಮುಂದಿನ ಚಕ್ರದ ಮೇಲೆ. ಅದು ಎಡವೋ ಬಲವೋ ಎಂಬುದನ್ನು ಹಾಸಿದಾಗ ಪೇಪರೇ ಹೇಳಲಿ ಎಂದುಕೊಂಡೆ. ಮನೆಗೆ ಬಂದು ನಡುಮನೆಯ ನೆಲದ ಮೇಲೆ ಪೇಪರ್ ಹಾಳೆಗಳನ್ನು ಅಂಟಿಸಿ ಕಾರನ್ನು ಕತ್ತರಿಸಿದೆ. ಓದಲು ತಡವಾಗಿ ಕಲಿತವಳಿಗೆ ಪೇಪರ್ ಕತ್ತರಿಸುವುದು ಕಷ್ಟದ ಕೆಲಸ. ಪ್ರತಿ ಹಾಳೆಯನ್ನೂ ಓದಿ ಮುಗಿಸಿದ ಮೇಲೇ ಕತ್ತರಿ ಇಡಲು ಮನಸ್ಸು ಬರುವುದು. ಬಾಯಿಯ ಜಾಗದಲ್ಲಿ ಅಂಚಿಗೆ ಒಂದು ಕಚ್ಚು ಹಾಕಿದೆ, ತೋಳು ಕೂರಿಸುವ ಕಡೆ ಹಾಕುತ್ತೇವಲ್ಲ, ಹಾಗೆ.

ಗುರುವಾರ ಎಲೆಕ್ಟ್ರಿಷಿಯನ್ ಬಂದ. ಪೇಪರ್ ಕಾರನ್ನು ಮೂತಿ ಮನೆಯ ಕಡೆಗಿಟ್ಟು ಪೋರ್ಟಿಕೋದಲ್ಲಿ ಹಾಸಿದೆ. ಕಚ್ಚು ಬಲಗಡೆಗೆ ಬಂತು.

"ನೋಡಿದ್ರಾ?" ಎಂದು ಸೊಸೆ ಚಪ್ಪಾಳೆ ತಟ್ಟಿದಳು. ಮಗ ಗೊಣಗಿದ. ಪೆಟ್ಟಿಗೆ ಬಲಗೋಡೆಗೆ ಏರಿತು. ನಾನು ಸುಮ್ಮನೆ ಹೋಗಿ ಮಿಷನ್ನಿಗೆ ಎಣ್ಣೆ ಬಿಟ್ಟೆ.

ಶನಿವಾರ ಕಾರು ಬಂತು. ಸೊಸೆ ಒಳಗೆ ತಂದು ನಿಲ್ಲಿಸಿದಳು. ಬಾಯಿ ಎಡಗಡೆ ಇತ್ತು.

ಎಲ್ಲರೂ ಮೊದಲು ಕಾರು ನೋಡಿದರು. ಆಮೇಲೆ ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಮ್ಮಾ," ಎಂದ ಮಗ, "ಮಿಷನ್ ಜಾಗ ಉಳಿಸ್ಕೊಳ್ಳೋಕೆ ಇಷ್ಟು ದೊಡ್ಡ ನಾಟಕ ಆಡಿದ್ಯಾ?"

"ನಿನ್ನಾಣೆ ಇಲ್ಲ ಕಣೋ!"

ಆಗಲೇ ನನಗೆ ಹೊಳೆದದ್ದು. ನಾವು ಬಟ್ಟೆಗೆ ಗುರುತು ಹಾಕುವುದು ಯಾವಾಗಲೂ ಒಳಮೈ ಮೇಲೆ. ಕತ್ತರಿಸಿದ ಮೇಲೆ ಮಗುಚಿ ಹೊರಮೈ ನೋಡುತ್ತೇವೆ. ಕೈಗೆ ಅದೇ ರೂಢಿ. ಪೇಪರ್ ಕಾರನ್ನೂ ಮಗುಚಿ ಹಾಸಿದ್ದೆ.

ಇದನ್ನು ಬಿಡಿಸಿ ಹೇಳಿದೆ. ಯಾರೂ ನಂಬಲಿಲ್ಲ. ನಮ್ಮ ಯಜಮಾನರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಟಿಕೆಟ್ ಇಲ್ಲದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಇಂಥ ಕಥೆ ನಾನೆಷ್ಟು ಕೇಳಿಲ್ಲ," ಎಂದರು.

ಚಾಲೂ ಮಾಡಿಕೊಡಲು ಬಂದಿದ್ದ ಎಲೆಕ್ಟ್ರಿಷಿಯನ್ ಕೇಬಲ್ಲು ಎಳೆದು ನೋಡಿದ. ಒಂದು ಗೇಣು ಸಾಲಲಿಲ್ಲ. "ಪೆಟ್ಟಿಗೆ ಆ ಗೋಡೆಗೆ ಹೋಗ್ಬೇಕು. ಇಲ್ಲಾಂದ್ರೆ ಕಾರು ರಿವರ್ಸಲ್ಲಿ ಒಳಗೆ ಬರ್ಬೇಕು. ಆಗ ಬಾಯಿ ತಾನಾಗಿ ಈ ಕಡೆಗೆ ಬರತ್ತೆ."

ಸೊಸೆಯ ರಿವರ್ಸ್ ಬೀದಿಗೇ ಗೊತ್ತು. ಹಳೆಯ ಕಾರಿನಲ್ಲಿ ಅವಳು ಹಿಂದೆ ಬಂದಾಗ ಗೇಟಿನ ಕಂಬ ಮುಂದೆ ಹೋಗಿತ್ತು.

"ನನ್ ಕೈಲಾಗಲ್ಲ, ಅತ್ತೆ," ಎಂದಳು. "ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನು. ತಪ್ಪು ನಂದೇ ಅಲ್ವಾ," ಎಂದು ಮಿಷನ್ನಿನ ಡ್ರಾಯರ್ ಖಾಲಿ ಮಾಡತೊಡಗಿದೆ. ಬಾಬಿನ್ನು, ಗುಂಡಿಗಳ ಡಬ್ಬಿ, ಸೀಮೆಸುಣ್ಣ. ಸೊಸೆ ಹತ್ತಿರ ಬಂದಳು. ಆ ಮಿಷನ್ನಿನಲ್ಲೇ ನಾನು ಅವಳಿಗೆ ಹೊಲಿಗೆ ಹೇಳಿಕೊಟ್ಟದ್ದು.

"ಅತ್ತೆ, ಹೊಲಿಗೆ ಸೊಟ್ಟ ಹೋಗ್ತಿದ್ದಾಗ ನೀವೇನೋ ಹೇಳ್ತಿದ್ರಲ್ಲ?"

"ಸೂಜಿ ನೋಡ್ಬೇಡ, ಬಟ್ಟೆ ಅಂಚು ನೋಡು ಅಂತ."

"ಹಾಗಾದ್ರೆ ನಂಗೊಂದು ಅಂಚು ಹಾಕ್ಕೊಡಿ."

ಮಗ ಕಾರನ್ನು ಬೀದಿಗೆ ತೆಗೆದುಕೊಟ್ಟ. ಸೀಮೆಸುಣ್ಣ ಕೈಯಲ್ಲೇ ಇತ್ತು. ಗೇಟಿನಿಂದ ಮನೆಯ ಮೆಟ್ಟಿಲವರೆಗೆ ಬಗ್ಗಿಕೊಂಡೇ ಗೆರೆ ಎಳೆದೆ. "ಗೋಡೆ ನೋಡ್ಬೇಡ, ಕಂಬ ನೋಡ್ಬೇಡ. ಕನ್ನಡೀಲಿ ಇದೊಂದನ್ನೇ ನೋಡು. ನಿಧಾನಕ್ಕೆ ತುಳಿ."

ಅಷ್ಟರಲ್ಲಿ ಯಜಮಾನರು ಒಳಗಿನಿಂದ ಹಳೆಯ ಸೀಟಿ ತಂದಿದ್ದರು. "ರೈಟ್! ರೈಟ್! ಹೋಲ್ಡಾನ್!" ಎಂದು ಊದಿದರು. ಮಗ, "ಎಡಕ್ಕೆ, ಎಡಕ್ಕೆ!" ಎಂದ. ಎದುರುಮನೆಯವರು ಸುಮ್ಮನೆ, "ಅಯ್ಯಯ್ಯೋ!" ಎಂದರು. ಕಾರು ಅಡ್ಡಡ್ಡ ಬಂದು ನನ್ನ ಸ್ಟೂಲನ್ನು ಬೀಳಿಸಿತು.

"ರೀ, ಆ ಸ್ಟೂಲ್ ಎತ್ಕೊಂಡು ಒಳಗೆ ಹೋಗಿ," ಎಂದೆ. "ಅದನ್ನ ಗಟ್ಟಿಯಾಗಿ ಹಿಡ್ಕೊಂಡಿರಿ. ಸೀಟಿ ನನಗೆ ಕೊಡಿ." ಸೀಟಿಯನ್ನು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಿದೆ.

ಮುಂದಿನ ಸಲ ಸೊಸೆ ಗಾಜು ಏರಿಸಿಕೊಂಡಳು. ಕಾರು ಬೀದಿಯಿಂದ ಹಿಂದಕ್ಕೆ ಗೆರೆ ಹಿಡಿದು ಬಂತು. ಎಲ್ಲೂ ಸುಕ್ಕಿಲ್ಲ. ಮೆಟ್ಟಿಲಿಗೆ ಕೈಯಗಲ ಬಿಟ್ಟು ನಿಂತಿತು. ಎಲೆಕ್ಟ್ರಿಷಿಯನ್ ಕೇಬಲ್ಲು ಚುಚ್ಚಿದ. ಹಸಿರು ದೀಪ ಹತ್ತಿತು. ಸೊಸೆ ಇಳಿದು, ತಾನು ಉಳಿಸಿದ ಗೇಟಿನ ಕಂಬವನ್ನು ಪ್ರೀತಿಯಿಂದ ತಟ್ಟಿದಳು.

ನಾನು ಬಾಬಿನ್ನುಗಳನ್ನು ಡ್ರಾಯರಿಗೆ ವಾಪಸ್ಸು ಹಾಕುತ್ತಿದ್ದೆ. ಯಜಮಾನರು ಸ್ಟೂಲು ತಂದಿಟ್ಟು, ಬಗ್ಗಿ ಮೆಲ್ಲಗೆ ಕೇಳಿದರು: "ಈಗಾದ್ರೂ ನಿಜ ಹೇಳೇ. ಬೇಕೂಂತ್ಲೇ ತಿರುಗಿಸಿ ಹಾಸಿದ್ದು ತಾನೆ?"

"ಅಲ್ಲಾ ರೀ," ಎಂದೆ, ದಾರ ಪೋಣಿಸುತ್ತ. "ಬೇಕೂಂತ ಮಾಡಿದ್ರೆ ಇಷ್ಟು ಚೆನ್ನಾಗಿ ಕೂರ್ತಿತ್ತಾ?"