ಸೋಮವಾರದ ಗಿರಾಕಿ

ನದಿಯ ಮೂಲ, ವಂಶದ ಮೂಲ ಕೆದಕಬಾರದು ಅಂತ ತಿಳಿದವರು ಸುಮ್ಮನೆ ಹೇಳಿಲ್ಲ. ನನ್ನ ತಮ್ಮ ಆನ್ಸೆಲ್ಮನಿಗೆ ಇದನ್ನು ಎಷ್ಟು ಸಲ ಹೇಳಿದೆನೋ. ಕೇಳಿದನೇ? ಹುಟ್ಟಿದಾಗಿನಿಂದ ನನ್ನ ಒಂದು ಮಾತು ಕೇಳಿದವನಲ್ಲ. ಅಮ್ಮ ಸತ್ತಾಗ ಅವನಿಗೆ ಇನ್ನೂ ಹಾಲುಹಲ್ಲು. ಸಾಕಿದವಳು ನಾನು, ಹಾಗಾಗಿ ಬೈಯುವ ಹಕ್ಕೂ ನನ್ನದೇ.

ಸ್ವಾಸೊನ್ ಪಟ್ಟಣದಿಂದ ಎರಡು ಹಳ್ಳಿ ಆಚೆ, ಹೊಳೆ ಸೇತುವೆಯ ಪಕ್ಕದಲ್ಲಿ ನನ್ನ ಸಲೂನು. ಕನ್ನಡಿಯ ಮುಂದೆ ಎರಡು ಕುರ್ಚಿ, ಕಾಯುವವರಿಗೆ ಗೋಡೆಯ ಬಳಿ ಇನ್ನೊಂದು. ಸೋಮವಾರ ಅಂಗಡಿಗೆ ರಜೆ. ಆ ಮಧ್ಯಾಹ್ನ ಆನ್ಸೆಲ್ಮ್ ಬರುತ್ತಾನೆ. ಪರದೆ ಇಳಿಸಿ, ಬಾಗಿಲಿಗೆ ಚಿಲಕ ಹಾಕಿ, ಕೂದಲು ಬೆಳೆದಿದ್ದರೆ ಕತ್ತರಿಸುತ್ತೇನೆ. ಆಮೇಲೆ ಲೀಕ್ ಅನ್ನುವ ಈರುಳ್ಳಿಸೊಪ್ಪು ಹಾಕಿ ಬೇಯಿಸಿದ ಟಾರ್ಟ್, ಚಿಕೋರಿ ಕಾಫಿ, ಊರಿನವರ ಮೇಲೆ ಚಾಡಿ. ಅವನ ಹೆಂಡತಿ ತೀರಿಕೊಂಡ ಮೇಲೂ, ನನ್ನ ಗಂಡ ಓಡಿಹೋದ ಮೇಲೂ ಇದೊಂದು ತಪ್ಪಿರಲಿಲ್ಲ.

ಅವನು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಬೀಟ್‌ಗೆಡ್ಡೆ ಲಾರಿಗಳ ತೂಕ ನೋಡುತ್ತಾ ಜೀವನ ಕಳೆದವನು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಇಗರ್ಜಿಯ ಹಳೇ ಕಾಗದ, ಲಾನ್ ಪಟ್ಟಣದ ದಾಖಲೆ ಕಚೇರಿ ಅಂತ ಅಲೆಯತೊಡಗಿದ. ಅಜ್ಜನ ಅಜ್ಜ ಸಿಕ್ಕ, ಅವನ ಅತ್ತೆಯ ಮನೆಯವರು ಸಿಕ್ಕರು, ಹೀಗೇ ಹಿಂದೆ ಹಿಂದೆ ಹೋಗಿ ಒಬ್ಬ ಜಮೀನ್ದಾರ ಸಿಕ್ಕ. ಜಮೀನ್ದಾರ ಸಿಕ್ಕಮೇಲೆ ಕೇಳಬೇಕೇ, ಅಂಥವರ ಬೇರು ಹೋಗಿ ನಿಲ್ಲುವುದು ಅರಮನೆಯಲ್ಲೇ. ಕೊನೆಗೆ ಸಾವಿರದೈನೂರು ವರ್ಷದ ಹಿಂದೆ ಇದೇ ಸ್ವಾಸೊನ್‌ನಲ್ಲಿ ಕೂತು ಆಳಿದ ಫ್ರಾಂಕ್ ರಾಜರ ಹತ್ತಿರ ಹೋಗಿ ನಿಂತ.

ಬೇಕರಿಯ ಬಾಬೆಟ್ ಊರಿಗೆಲ್ಲ ಸಾರಿದಳು. "ಇನ್ಮೇಲೆ ಬ್ರೆಡ್ಡನ್ನ ತಟ್ಟೇಲಿಟ್ಟು ಕೊಡ್ಬೇಕಾ ಮಹಾಪ್ರಭು? ಹಂಗೇ ನಮ್ಮ ನಾಯೀದೂ ಸ್ವಲ್ಪ ಹುಡುಕ್ಕೊಡಿ, ಅದರ ನಡಿಗೆ ನೋಡಿದ್ರೆ ಯಾವುದೋ ರಾಣಿ ಕಡೇದೇ ಇರ್ಬೇಕು" ಅಂದಳು. ಆನ್ಸೆಲ್ಮ್ ನಗಲಿಲ್ಲ. ಅಲ್ಲಿಯೇ ನನಗೆ ಮೊದಲು ಭಯವಾದದ್ದು. ನನ್ನ ತಮ್ಮ ತನ್ನ ಮೇಲಿನ ತಮಾಷೆಗೆ ತಾನೇ ಮೊದಲು ನಗುವವನು.

ಆ ರಾಜರು ಹುಟ್ಟಿನಿಂದ ಕೂದಲಿಗೆ ಕತ್ತರಿ ಮುಟ್ಟಿಸುತ್ತಿರಲಿಲ್ಲವಂತೆ. ಉದ್ದಗೂದಲೇ ಅವರ ಕಿರೀಟ. ಒಬ್ಬನನ್ನು ಸಿಂಹಾಸನದಿಂದ ಇಳಿಸಬೇಕೆಂದರೆ ತಲೆ ಬೋಳಿಸಿದರೆ ಸಾಕಿತ್ತಂತೆ. ಇದನ್ನು ಓದಿದ ದಿನದಿಂದ ಆನ್ಸೆಲ್ಮ್ ಸೋಮವಾರ ಬಂದರೂ ಕತ್ತರಿಗೆ ತಲೆಯೊಡ್ಡುವುದನ್ನು ಬಿಟ್ಟ.

"ಹಂಗಾದ್ರೆ ನಾನೂ ರಾಣಿನೇ ಅನ್ನು" ಅಂದೆ.

"ಇಲ್ಲ ಅಕ್ಕ. ಆಗಿನ ಕಾನೂನಲ್ಲಿ ಹೆಂಗಸ್ರಿಗೆ ನೆಲಾನೂ ಇಲ್ಲ, ಪಟ್ಟಾನೂ ಇಲ್ಲ. ಹೆಂಗಸ್ರು ಲೆಕ್ಕಕ್ಕಿಲ್ಲ."

"ನಿನ್ನ ಆ ವಂಶ ಬಂದಿದ್ದೇ ನಮ್ಮಮ್ಮನ ಕಡೆಯಿಂದ ಕಣೋ. ನೀನೊಬ್ನೇ ಅವಳ ಮಗ, ನನ್ನೇನು ಸಂತೇಲಿ ಕೊಂಡ್ಕೊಂಡು ಬಂದ್ರಾ?"

ಅವನು ಟಾರ್ಟಿನ ಇನ್ನೊಂದು ತುಂಡಿಗೆ ಕೈ ಹಾಕಿದ. ನನ್ನ ಜಡೆಗೆ ಅಮ್ಮ ಒಂದು ದಿನವೂ ಕತ್ತರಿ ಹಾಕಿಸಿದವಳಲ್ಲ. ಅವಳ ನೆನಪಿಗೆ ನಾನೂ ಹಾಕಿಕೊಂಡಿರಲಿಲ್ಲ. ಊರಿನ ತಲೆಯನ್ನೆಲ್ಲ ಕತ್ತರಿಸುವವಳ ಕೂದಲು ಸೊಂಟದಿಂದ ಕೆಳಗೆ ಬೀಳುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಸುತ್ತಿ ತುರುಬು ಕಟ್ಟಿ ಪಿನ್ನು ಚುಚ್ಚಿಬಿಡುತ್ತಿದ್ದೆ.

ಅವನ ಕೂದಲು ಬೆಳೆದದ್ದು ಸಹಜವಾಗಿರಲಿಲ್ಲ. ಕೂದಲು ಎಷ್ಟು ಬೆಳೆಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈಸ್ಟರ್ ಹಬ್ಬಕ್ಕೆ ಕಿವಿ ಮುಚ್ಚಿತ್ತು, ಬೀಟ್ ಕೀಳುವ ಹೊತ್ತಿಗೆ ಎದೆಯ ಮೇಲಿತ್ತು. ನರೆತಿದ್ದ ಕೂದಲು ಬುಡದಿಂದ ಕಂದುಬಣ್ಣವಾಗಿ, ದಪ್ಪಗೆ, ಹುಡುಗರ ಕೂದಲಿನ ಹಾಗೆ ಬರುತ್ತಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಕೆಳಗಿನ ತುದಿಯೂ ಬೆಚ್ಚಗಿತ್ತು.

ಆ ಶರತ್ಕಾಲದಲ್ಲೇ ಅವನಿಗೆ ತಲೆನೋವು ಶುರುವಾಯಿತು. ಕೈಯಿಂದ ಚಮಚ ಜಾರತೊಡಗಿತು. ಒದ್ದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಲಗಿವಿಯ ಹಿಂದೆ, ತಲೆಬುರುಡೆಯೊಳಗೆ ಗಂಟು ಇದೆ, ಬೇಗ ತೆಗೆಯಬೇಕು, ತಡಮಾಡಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಅದಕ್ಕೆ ತಲೆ ಬೋಳಿಸಬೇಕಾಗುತ್ತದೆ ಅಂದಳು.

"ಆಗಲ್ಲ" ಅಂದ ನನ್ನ ತಮ್ಮ. ಟೋಪಿ ಹಾಕಿಕೊಂಡು ಎದ್ದು ಬಂದುಬಿಟ್ಟ.

ಮುಂದಿನ ಸೋಮವಾರ ಕಾಫಿ ಕುಡಿಯುತ್ತಾ ಅವನಿಗೆ ಬುದ್ಧಿ ಹೇಳುತ್ತಿದ್ದೆ. ಪರದೆ ಇಳಿದಿತ್ತು, ಚಿಲಕ ಹಾಕಿತ್ತು. ತಿರುಗಿ ನೋಡಿದರೆ ಗೋಡೆಯ ಬಳಿಯ ಕುರ್ಚಿಯಲ್ಲಿ ಒಬ್ಬ ಗಂಡಸು ಕೂತಿದ್ದ. ನಡುವಯಸ್ಸು, ಮಣ್ಣುಬಣ್ಣದ ನಿಲುವಂಗಿ. ಒದ್ದೆ ಚರ್ಮದ ವಾಸನೆ. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಬಾಗಿಲು ಬಡಿಯದೆ ಬಂದು ಕೂರುವಷ್ಟು ಸೊಕ್ಕೇ ಎಂದು ನನಗೆ ಸಿಟ್ಟು ಬಂತು.

"ಇವತ್ತು ರಜ ಸ್ವಾಮಿ" ಅಂದೆ.

"ಯಾರ ಹತ್ರ ಮಾತಾಡ್ತಿದೀಯ?" ಅಂದ ಆನ್ಸೆಲ್ಮ್. ಕುರ್ಚಿಯ ಕಡೆಗೇ ನೋಡುತ್ತಿದ್ದ, ಅವನಿಗೆ ಏನೂ ಕಂಡಿರಲಿಲ್ಲ.

ಕನ್ನಡಿಯ ಕಡೆ ತಿರುಗಿದೆ. ಕೋಣೆಯಲ್ಲಿ ಆ ಮನುಷ್ಯ ಗೋಡೆಗೆ ಒರಗಿ ಕೂತಿದ್ದ. ಕನ್ನಡಿಯಲ್ಲಿ ಮಾತ್ರ ಎದ್ದು, ಗೋಡೆಗೂ ನನ್ನ ತಮ್ಮನಿಗೂ ನಡುವೆ ನಿಂತಿದ್ದ. ಮತ್ತೆ ತಿರುಗಿದಾಗ ಕುರ್ಚಿ ಖಾಲಿ. ಅದರ ಮೆತ್ತೆ ಮುಟ್ಟಿ ನೋಡಿದೆ, ಒದ್ದೆಯಾಗಿತ್ತು.

ಮರುವಾರವೂ ಬಂದ. ಕನ್ನಡಿಯಲ್ಲಿ ಇನ್ನಷ್ಟು ಹತ್ತಿರ ಬಂದಿದ್ದ. ಗಂಟಿನ ಬಟ್ಟೆ ಸ್ವಲ್ಪ ಸಡಿಲವಾಗಿತ್ತು. ಈ ಸಲ ನಾನು ಬಾಯಿ ಬಿಡಲಿಲ್ಲ. ತಮ್ಮನಿಗೆ ತಲೆಯಲ್ಲಿ ಗಂಟು, ಅಕ್ಕನಿಗೆ ಹುಚ್ಚು ಎಂದು ಊರು ಆಡಿಕೊಳ್ಳಲು ಇನ್ನೇನು ಬೇಕು.

ಆ ದಿನವೇ ಆನ್ಸೆಲ್ಮ್ ಆ ಫ್ರಾಂಕ್ ರಾಜರ ಮನೆಯ ಒಬ್ಬ ಮುದಿ ರಾಣಿಯ ಕಥೆ ಹೇಳಿದ. ಮಗ ಯುದ್ಧದಲ್ಲಿ ಸತ್ತಮೇಲೆ ಮೂವರು ಮೊಮ್ಮಕ್ಕಳನ್ನು ಅವಳೇ ಸಾಕಿದ್ದಳಂತೆ. ಆ ಮಕ್ಕಳ ಚಿಕ್ಕಪ್ಪಂದಿರಿಗೆ ರಾಜ್ಯದ ಮೇಲೆ ಕಣ್ಣು. ಪಟ್ಟ ಕಟ್ಟುತ್ತೇವೆಂದು ಸುಳ್ಳು ಹೇಳಿ ಮಕ್ಕಳನ್ನು ಕರೆಸಿಕೊಂಡು, ಮುದುಕಿಯ ಬಳಿಗೆ ಒಬ್ಬ ದೂತನನ್ನು ಕಳಿಸಿದರು. ಅವನ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಬಿಚ್ಚುಗತ್ತಿ. ಕೂದಲು ತೆಗೆಸಿಕೊಂಡು ಬದುಕಲೋ, ಸಾಯಲೋ, ನೀನೇ ಹೇಳು ತಾಯಿ ಅಂದನಂತೆ.

"ಅವಳು ಏನಂದ್ಲು?" ಅಂದೆ. ಗೋಡೆಯ ಕಡೆ ನೋಡಲು ಧೈರ್ಯವಾಗಲಿಲ್ಲ.

"ಸಿಟ್ಟಲ್ಲಿ ಅಂದ್ಬಿಟ್ಲು. ರಾಜರಾಗಿ ಇರಕ್ಕಾಗಲ್ಲ ಅಂದ್ರೆ ಬೋಳು ತಲೇಲಿ ನೋಡೋದಕ್ಕಿಂತ ಹೆಣವಾಗಿ ನೋಡ್ತೀನಿ ಅಂತ. ದೂತ ಎರಡನೇ ಮಾತಿಗೆ ಕಾಯ್ಲಿಲ್ಲ. ಇಬ್ರು ಮಕ್ಕಳು ಹೋದ್ವು."

"ಮೂರನೇದು?"

"ಅದು ತಪ್ಪಿಸ್ಕೊಳ್ತು. ತನ್ನ ಕೂದಲನ್ನ ತನ್ನ ಕೈಯಾರೆ ಕತ್ತರಿಸ್ಕೊಂಡು ಸನ್ಯಾಸಿ ಆಯ್ತು. ಬದುಕ್ತು." ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ನಂಗೆ ಆ ಮೂರನೆಯವನು ಅಂದ್ರೆ ಅಷ್ಟಕ್ಕಷ್ಟೇ ಅಕ್ಕ. ಬಿಟ್ಕೊಟ್ಟ."

ಅವನು ಯಾಕೆ ಹಾಗಂದನೆಂದು ನನಗೆ ಗೊತ್ತು. ಜೀವನವಿಡೀ ಲಾರಿಯ ಮೇಲಿನವರು ಅವನನ್ನು ಮೇಲಿನಿಂದ ಕೆಳಗೆ ನೋಡಿದ್ದಾರೆ. ಈಗ ಮೊದಲ ಸಲ ಅವನು ಯಾರೋ ಆಗಿದ್ದಾನೆ. ಅದನ್ನು ಬಿಡು ಎಂದು ಹೇಳುವಾಗ ನನಗೂ ಸಂಕಟವಾಗುತ್ತಿತ್ತು. ಆದರೆ ಜೀವಕ್ಕಿಂತ ದೊಡ್ಡದೇ?

ಮೂರನೆಯ ಸೋಮವಾರ ಬಂದಾಗ ಅವನ ಎಡಗಾಲು ಎಳೆಯುತ್ತಿತ್ತು. ಮಾತು ತೊದಲುತ್ತಿತ್ತು. ಹಾಗಿದ್ದೂ ಕೂದಲನ್ನು ನೀಟಾಗಿ ಬಾಚಿ ಹೆಣೆದುಕೊಂಡಿದ್ದ. ಆಸ್ಪತ್ರೆಯಲ್ಲಿ ನಾಳೆಗೆ ಹಾಸಿಗೆ ಇದೆ, ನಾನೇ ಫೋನ್ ಮಾಡಿ ಕೇಳಿದ್ದೇನೆ ಅಂದೆ. ಅಂಗಲಾಚಿದೆ. ಅವನ ಕಾಲ ಬಳಿ ಕೂತು ಅತ್ತೆ. ಅವನು ನನ್ನ ಭುಜ ತಟ್ಟಿ, "ನಿಂಗೆ ಅರ್ಥ ಆಗಲ್ಲ ಬಿಡಕ್ಕ, ನೀನು ಹೆಂಗಸು" ಅಂದ.

ನನ್ನ ಸಿಟ್ಟು ಮೂಗಿನ ತುದಿಯಲ್ಲಿ. ಅದು ನಮ್ಮಮ್ಮನದು, ಅವಳಿಗೆ ಯಾರದೋ.

"ಸಾಯಿ ಹಂಗಾದ್ರೆ" ಅಂದೆ. "ಬೋಳು ತಲೇಲಿ ಬದುಕೋದಕ್ಕಿಂತ ಸಾಯೋದೇ ಮೇಲು ಅಂದ್ರೆ, ಹಂಗೇ ಆಗ್ಲಿ. ಸಾಯಿ ಹೋಗು."

ಗೋಡೆಯ ಬಳಿ ಕುರ್ಚಿ ಕಿರ್ರೆಂದಿತು. ಆ ಮನುಷ್ಯ ಎದ್ದ. ತೊಡೆಯ ಮೇಲಿನ ಬಟ್ಟೆ ಜಾರಿ ನೆಲಕ್ಕೆ ಬಿತ್ತು, ಒಳಗಿದ್ದದ್ದು ಒಂದು ಕತ್ತರಿ, ಒಂದು ಬಿಚ್ಚುಗತ್ತಿ. ಒಂದೇ ಕಬ್ಬಿಣವನ್ನು ಬಗ್ಗಿಸಿ ಮಾಡಿದ, ಕುರಿಯ ಉಣ್ಣೆ ಕತ್ತರಿಸುವಂಥ ಹಳೇ ಕತ್ತರಿಯನ್ನು ನನ್ನ ಬಾಚಣಿಗೆಗಳ ಪಕ್ಕ ಮೆಲ್ಲಗೆ ಇಟ್ಟ. ಇನ್ನು ಬೇಡದ ವಸ್ತುವನ್ನು ಪಕ್ಕಕ್ಕಿಟ್ಟಂತೆ ಇಟ್ಟ. ಕತ್ತಿ ಅವನ ಕೈಯಲ್ಲೇ ಉಳಿಯಿತು.

ಆಗ ತಿಳಿಯಿತು. ಇಷ್ಟು ವಾರದಿಂದ ಅವನು ತಮ್ಮನಿಗಾಗಿ ಕೂತಿರಲಿಲ್ಲ, ನನ್ನ ಉತ್ತರಕ್ಕಾಗಿ ಕೂತಿದ್ದ. ಹೆಂಗಸರು ಲೆಕ್ಕಕ್ಕಿಲ್ಲವಂತೆ. ಕೇಳುವುದನ್ನು ಮಾತ್ರ ಹೆಂಗಸರನ್ನೇ ಕೇಳುತ್ತಾರೆ.

"ಇಲ್ಲ, ನಾನು ಹಂಗಂದಿದ್ದಲ್ಲ, ಕತ್ತರಿ, ಕತ್ತರಿ" ಅಂದೆ. ಅವನು ನನ್ನ ಕಡೆ ತಿರುಗಲಿಲ್ಲ. ಆನ್ಸೆಲ್ಮ್ ಕುರ್ಚಿಯ ಕೈ ಹಿಡಿದುಕೊಂಡು ಜಾರತೊಡಗಿದ, ಮುಖದ ಒಂದು ಪಕ್ಕ ಇಳಿದುಹೋಯಿತು. ನಾನು ಹಳೇ ಕತ್ತರಿಯನ್ನು ಬಾಚಿಕೊಂಡು ಅವನ ಜಡೆಗೆ ಹಾಕಿ ಒತ್ತಿದೆ. ಅದು ಮುಚ್ಚಲಿಲ್ಲ. ಇಷ್ಟು ವರ್ಷ ಕತ್ತರಿ ಹಿಡಿದವಳು ನಾನು, ಎರಡೂ ಕೈಯಲ್ಲಿ ಅದುಮಿದರೂ ಒಂದು ಎಳೆ ತುಂಡಾಗಲಿಲ್ಲ. ನನ್ನ ಉತ್ತರ ಮುಗಿದಿತ್ತು.

ಆನ್ಸೆಲ್ಮ್ ಕನ್ನಡಿಯನ್ನೇ ನೋಡುತ್ತಿದ್ದ. ತನ್ನ ಹೆಗಲ ಹಿಂದೆ ನಿಂತವನು ಅವನಿಗೂ ಈಗ ಕಾಣಿಸಿದ್ದ.

"ಅಕ್ಕಾ" ಅಂದ, ನಾಲಿಗೆ ದಪ್ಪವಾಗಿ. "ಹೇಳ್ಬಿಟ್ಯಾ?"

"ಹೇಳ್ಬಿಟ್ಟೆ ಕಣೋ."

ಬಾಯಿಯ ಒಂದು ಪಕ್ಕದಲ್ಲಿ ಮಾತ್ರ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ. "ನಮ್ಮನೆ ಹೆಂಗಸ್ರ ಬಾಯಿ."

"ನಿನ್ನ ಕೈಯಾರೆ ಆನ್ಸೆಲ್ಮ್, ಮೂರನೆಯವನ ಥರ. ನನ್ನಿಂದ ಆಗಲ್ಲ. ನಿನ್ನ ಕೈಯಾರೆ" ಎಂದು ಕತ್ತರಿಯನ್ನು ಅವನ ಬಲಗೈಯಲ್ಲಿಟ್ಟೆ.

ಅವನು ಅದನ್ನು ನೋಡುತ್ತಾ ಕೂತ. ಕೂದಲನ್ನು ಬಿಟ್ಟುಕೊಡುವುದಿಲ್ಲ ಅಂದುಕೊಂಡೆ.

"ಆ ಮುದುಕಿ ಆಮೇಲೆ ಎಷ್ಟೋ ವರ್ಷ ಬದುಕಿದ್ಲು ಅಕ್ಕ" ಅಂದ, ಒಂದೊಂದೇ ಮಾತು ಕಷ್ಟಪಟ್ಟು. "ಹೆಂಗೆ ಬದುಕಿದ್ಲೋ. ನಿಂಗೆ ಅದು ಬೇಡ."

ಜಡೆಯನ್ನು ಕಿವಿಯ ಬಳಿ ಹಿಡಿದು ಕತ್ತರಿಸಿದ. ಹುಲ್ಲು ಕೊಯ್ದಂತೆ ಸರಾಗವಾಗಿ ತುಂಡಾಯಿತು. ನೆಲಕ್ಕೆ ಬಿದ್ದಾಗ ಕೂದಲಿನ ಸದ್ದಲ್ಲ, ಒದ್ದೆ ಹಗ್ಗದ ಸದ್ದು. ಆ ಮನುಷ್ಯ ಕತ್ತಿಯನ್ನು ಕೆಳಗಿಳಿಸಿದ.

ಅಬ್ಬಾ ಅಂದುಕೊಂಡೆ, ಹೋಗುತ್ತಾನೆ ಅಂದುಕೊಂಡೆ. ಅವನು ಹೋಗಲಿಲ್ಲ. ಆನ್ಸೆಲ್ಮನ ಕೈಯಿಂದ ಕತ್ತರಿಯನ್ನು ಬಿಡಿಸಿಕೊಂಡು, ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಕತ್ತಿ, ಎರಡನ್ನೂ ನನ್ನ ತಮ್ಮನ ಮುಂದೆ ಚಾಚಿದ. ಆ ಮನುಷ್ಯನ ಕಣ್ಣು ಮಾತ್ರ ನನ್ನ ತುರುಬಿನ ಮೇಲಿತ್ತು. ಅಮ್ಮನ ಮಕ್ಕಳು ನಾವಿಬ್ಬರು. ಅದನ್ನು ಲೆಕ್ಕವಿಟ್ಟವನು ಅವನೊಬ್ಬನೇ.

ಆನ್ಸೆಲ್ಮ್ ಒಂದು ಉಸಿರಿನಷ್ಟೂ ಯೋಚಿಸಲಿಲ್ಲ.

"ಕತ್ತರಿ" ಅಂದ. ಆಮೇಲೆ ನನ್ನ ಕಡೆ ನೋಡಿ, "ಕೂತ್ಕೋ ಅಕ್ಕ. ಪಿನ್ನು ತೆಗಿ" ಅಂದ.

ಇಷ್ಟು ವರ್ಷದ ಅಂಗಡಿಯಲ್ಲಿ ಮೊದಲ ಸಲ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ನಾನು ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮಿಬ್ಬರ ತಲೆಯನ್ನೂ ನೋಡಿ, ಇಲಿ ಕಚ್ಚಿತೇ ಎಂದು ಕೇಳಿದಳು. ಗಂಟು ತೆಗೆದರು. ಆನ್ಸೆಲ್ಮ್ ಕೋಲು ಹಿಡಿದು ನಡೆಯುತ್ತಾನೆ, ಬಾಬೆಟ್ ಅವನನ್ನು ಸನ್ಯಾಸಿ ಎಂದು ಕರೆಯುತ್ತಾಳೆ, ಅವನು ಅವಳಿಗಿಂತ ಮೊದಲೇ ನಗುತ್ತಾನೆ. ಸೋಮವಾರ ಬರುವುದನ್ನು ತಪ್ಪಿಸುವುದಿಲ್ಲ. ಮೊದಲು ಅವನದನ್ನು ನಾನು ತೆಗೆಯುತ್ತೇನೆ, ಆಮೇಲೆ ನನ್ನದನ್ನು ಅವನು. ಕೈ ಇನ್ನೂ ನಡುಗುತ್ತದೆ, ಅಡ್ಡಾದಿಡ್ಡಿ ಕತ್ತರಿಸುತ್ತಾನೆ. ಒಂದು ಬೆರಳಿನಗಲ ಬೆಳೆಯಲೂ ಇಬ್ಬರೂ ಬಿಡುವುದಿಲ್ಲ.

ಕತ್ತರಿಸುತ್ತಾ ಪ್ರತಿ ಸಲ ಕೇಳುತ್ತಾನೆ, "ಇದಾನಾ ಅಕ್ಕ?"

ಕನ್ನಡಿಯಲ್ಲಿ ನೋಡುತ್ತೇನೆ. ಗೋಡೆಯ ಬಳಿ, ತನ್ನ ಕುರ್ಚಿಯಲ್ಲಿ, ಬಟ್ಟೆ ಸುತ್ತಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಸರದಿ ಕಾಯುವ ಗಿರಾಕಿಯಂತೆ ಕೂತಿದ್ದಾನೆ.

"ಇಲ್ಲ ಕಣೋ" ಅನ್ನುತ್ತೇನೆ. "ಕಿವಿ ಹತ್ರ ಇನ್ನೊಂಚೂರು ತೆಗಿ."