ಮಷೀನಿನ ಉಡಿ

ಆಸ್ಟ್ರೇಲಿಯಾದ ಬಂದರಿನಿಂದ ಬಂದ ವಿಡಿಯೋದಲ್ಲಿ ಮುಖವೇ ಇರಲಿಲ್ಲ, ನೀಲಿ ಗ್ಲೌಸು ಹಾಕಿದ ಎರಡು ಕೈ ಮಾತ್ರ. ಪೈಪು ಬಗ್ಗಿಸುವ ಮಷೀನಿನ ಸಂದಿಯಿಂದ ಆ ಕೈಗಳು ಒಂದು ಬಟ್ಟೆಯ ಗಂಟನ್ನು ಎತ್ತಿ, ಬಿಳಿ ತಟ್ಟೆಯಲ್ಲಿಟ್ಟು, ಚಿಮಟದಿಂದ ಬಿಚ್ಚಿದವು. ಅಕ್ಕಿ ಸುರಿಯಿತು. ಹಿಂದೆಯೇ ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಅಡಿಕೆ, ಉತ್ತತ್ತಿ.

“ಮೇಡಂ, ಏನಿದು? ನಮ್ ಮಷೀನೊಳಗೆ ಇದನ್ನೆಲ್ಲ ಯಾರ್ ಇಟ್ರು?” ಎಂದಳು ಸಮನ್ವಿತಾ. ರಫ್ತಿನ ಕಾಗದಪತ್ರ ನೋಡಿಕೊಳ್ಳಲು ಈ ವರ್ಷ ಸೇರಿದ ಹುಡುಗಿ. ಮಾರತ್ತಹಳ್ಳಿಯ ಪಿಜಿಯಿಂದ ಪೀಣ್ಯ ಮುಟ್ಟುವಷ್ಟರಲ್ಲೇ ಅರ್ಧ ಜೀವವಾಗಿರುತ್ತಿದ್ದಳು. ಈ ವಿಡಿಯೋ ಉಳಿದರ್ಧವನ್ನೂ ತೆಗೆದಿತ್ತು.

ಕಾರ್ಖಾನೆಯ ಒಡತಿ ಸೀತಾಲಕ್ಷ್ಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಅದು ಉಡಿ ಕಣಮ್ಮ. ಮಡಿಲಕ್ಕಿ. ಮಗಳನ್ನ ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ತುಂಬಲ್ವಾ, ಅದೇ.”

“ಆದ್ರೆ ಬೀಜ, ಕಾಳು, ಹುಲ್ಲು ಏನೂ ಇಲ್ಲ ಅಂತ ಡಿಕ್ಲರೇಷನ್‌ಗೆ ನೀವೇ ಸೈನ್ ಹಾಕಿದೀರಲ್ಲ ಮೇಡಂ!”

ಹಾಕಿದ್ದು ನಿಜ. ಸುಳ್ಳು ಹೇಳಬೇಕೆಂದು ಹಾಕಿದ್ದಲ್ಲ, ಅದೇ ಗ್ರಹಚಾರ. ಮರದ ಪೆಟ್ಟಿಗೆಯನ್ನು ಹುಳ ಸಾಯುವಂತೆ ಕಾಯಿಸಿ ಮುದ್ರೆ ಹಾಕಿಸಿದ್ದಾರೆಯೇ, ಎಲ್ಲಿಯಾದರೂ ಹುಲ್ಲು ತುರುಕಿದ್ದಾರೆಯೇ, ಮಣ್ಣು ಉಳಿದಿದೆಯೇ ಎಂದು ಒಂದೊಂದನ್ನೂ ಕಣ್ಣಾರೆ ನೋಡಿಯೇ ಸಹಿ ಮಾಡಿದ್ದಳು. ಉಡಿಯೂ ಕಣ್ಣೆದುರಿಗೇ ಇತ್ತು. ಆದರೆ ಅದು ಕಾಳು ಎಂದು ಅವಳಿಗೆ ಹೊಳೆಯಲೇ ಇಲ್ಲ. ದೇವರ ಮುಂದಿನ ಕಾಯಿಯನ್ನು ಯಾರಾದರೂ ತರಕಾರಿಯ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ಈ ಆರ್ಡರಿನ ಮೊದಲ ಮಷೀನು ಬಂದರಿನಲ್ಲಿ ಕೊಳೆಯುತ್ತ ಕೂತಿತ್ತು. ಹೊಗೆ ಹಾಕಿ ಶುದ್ಧ ಮಾಡಿ ಬಿಡುತ್ತಾರಂತೆ. ಅದಾದರೂ ಹೋಗಲಿ, ಕೊಂಡವರು ಕೊನೆಗೆ ಒಂದು ಮಾತು ಬರೆದಿದ್ದರು: ಎರಡನೆಯ ಮಷೀನಿನಲ್ಲಿ ಒಂದೇ ಒಂದು ಕಾಳು ಸಿಕ್ಕಿದರೂ ಉಳಿದ ಆರ್ಡರ್ ರದ್ದು. ಎರಡನೆಯದು ಶುಕ್ರವಾರ ಹೊರಡಬೇಕಿತ್ತು. ಇಲ್ಲಿಯ ಗಿರಾಕಿಗಳೆಲ್ಲ ಹೊರಗಿನಿಂದ ಬರುವ ಅಗ್ಗದ ಮಷೀನಿಗೆ ಮಾರುಹೋದ ಮೇಲೆ ಈ ಶೆಡ್ಡಿನ ಬಾಗಿಲು ತೆರೆದಿದ್ದದ್ದು ಈ ಆರ್ಡರಿನಿಂದಲೇ. ಇದೂ ಕೈಬಿಟ್ಟರೆ ಬೀಗ ಜಡಿಯುವುದೊಂದೇ ಉಳಿಯುತ್ತಿತ್ತು.

“ಯಾರು ಅಂತ ಹೇಳಿ ಮೇಡಂ, ನಾನೇ ಮಾತಾಡ್ತೀನಿ.”

“ಬೇಡ, ನಾನೇ ಹೇಳ್ತೀನಿ,” ಎಂದಳು ಸೀತಾಲಕ್ಷ್ಮಿ. ಹಾಗೆಂದದ್ದು ಸೋಮವಾರ. ಬುಧವಾರವಾದರೂ ಬಾಯಿ ಬರಲಿಲ್ಲ.

ಹೇಗೆ ಬಂದೀತು? ಈ ಶೆಡ್ಡಿನ ಗೋಡೆಗೆ ಗಾರೆ ಹೊತ್ತವಳು ಲಕ್ಷ್ಮವ್ವ. ಗಂಡ ಮರೆಪ್ಪನ ಜತೆ ಗುಳೇದಗುಡ್ಡದ ಕಡೆಯಿಂದ ಕೂಲಿಗೆ ಬಂದಿದ್ದಳು. ಆಗ ಪೀಣ್ಯಕ್ಕೆ ಮೆಟ್ರೋ ಇರಲಿಲ್ಲ, ಮಳೆ ಬಿದ್ದರೆ ರಸ್ತೆ ಯಾವುದು ಮೋರಿ ಯಾವುದು ತಿಳಿಯುತ್ತಿರಲಿಲ್ಲ. ಸೀತಾಲಕ್ಷ್ಮಿಯ ಗಂಡ ಉಪೇಂದ್ರ ಸರ್ಕಾರಿ ಕಾರ್ಖಾನೆಯ ಭದ್ರವಾದ ಕೆಲಸ ಬಿಟ್ಟು, ನೆಂಟರಿಷ್ಟರಿಂದೆಲ್ಲ ಹುಚ್ಚ ಅನ್ನಿಸಿಕೊಂಡು ಈ ಶೆಡ್ಡು ಹಾಕಿದ್ದ. ಹಿಂದಿನ ಗೋಡೆ ಇನ್ನೂ ಏಳುತ್ತಿರುವಾಗಲೇ ಕಾರ್ಖಾನೆಯ ಮೊಟ್ಟಮೊದಲ ಮಷೀನು ಕೊಯಮತ್ತೂರಿಗೆ ಹೊರಟಿತು. ಕುಂಕುಮ ಹಚ್ಚಿ, ಲಾರಿಯ ಚಕ್ರದಡಿ ನಿಂಬೆಹಣ್ಣು ಇಟ್ಟು, ಇನ್ನೇನು ಹೊರಡಬೇಕು, ಲಕ್ಷ್ಮವ್ವ ಗಾರೆ ಬುಟ್ಟಿ ಇಳಿಸಿ ಅಡ್ಡ ಬಂದು ನಿಂತಳು.

“ಹೆಣ್ಮಗಳನ್ನ ಬರೀ ಉಡೀಲೆ ಕಳಸ್ತಾರೇನ್ರಿ ಯಾರರ?”

ಉಪೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಇದು ಹೆಣ್ಣು ಅಂತ ನಿಂಗ್ಯಾರಮ್ಮ ಹೇಳಿದ್ದು?”

“ಹುಟ್ಟಿದ ಮನಿ ಬಿಟ್ಟು ಮಂದಿ ಮನ್ಯಾಗ ದುಡಿಯಾಕ ಹೊಂಟೈತಿ. ಮತ್ತೇನು ಗಂಡಾ?”

ಉಪೇಂದ್ರ ತಾನೇ ಅಂಗಡಿಗೆ ಓಡಿ ಅಕ್ಕಿ ತಂದ. ಲಕ್ಷ್ಮವ್ವ ತನ್ನ ಗಂಟಿನಿಂದ ಗುಳೇದಗುಡ್ಡದ ಖಣದ ತುಂಡು ತೆಗೆದಳು. ಸೀತಾಲಕ್ಷ್ಮಿ ಅರಿಶಿನ ಕುಂಕುಮ ಕೊಟ್ಟಳು. ಇಬ್ಬರು ಹೆಂಗಸರು ಸೇರಿ ಕಬ್ಬಿಣದ ಮಡಿಲು ತುಂಬಿದರು. ಗೋಡೆ ಮುಗಿಯಿತು, ಲಕ್ಷ್ಮವ್ವ ಇಲ್ಲಿಯೇ ಉಳಿದಳು. ಗುಡಿಸುವುದು, ಒರೆಸುವುದು, ಪ್ಯಾಕಿಂಗು ಎಲ್ಲ ಅವಳ ಪಾಲಿಗೆ ಬಂತು. ಅಂದಿನಿಂದ ಉಡಿಯಿಲ್ಲದೆ ಒಂದು ಮಷೀನೂ ಗೇಟು ದಾಟಿರಲಿಲ್ಲ. ನೈರೋಬಿಯ ಗುಜರಾತಿ ಗಿರಾಕಿಯಂತೂ ಮಷೀನು ಮುಟ್ಟಿದೊಡನೆ ಫೋನು ಮಾಡಿ, ಕೊಬ್ಬರಿ ಚೆನ್ನಾಗಿತ್ತು, ಮುಂದಿನ ಸಲ ಎರಡು ಇಡಿ ಎಂದಿದ್ದ. ಎಂಥಾ ದಿನಗಳು ಅವು! ನೆನೆದರೆ ಸೀತಾಲಕ್ಷ್ಮಿಗೆ ಈಗಲೂ ಹಸಿ ಗಾರೆಯ ವಾಸನೆ ಬರುತ್ತಿತ್ತು.

ಆಮೇಲೆ ದೇಶಗಳು ಹೆಚ್ಚಿದವು, ಕಾಯಿದೆಗಳೂ ಹೆಚ್ಚಿದವು. ಒಂದು ದೇಶಕ್ಕೆ ಕೈ ಒಳಗೆ ಹೋಗದಂತೆ ಜಾಲರಿ ಬೇಕು, ಇನ್ನೊಂದಕ್ಕೆ ಅವರದೇ ಭಾಷೆಯಲ್ಲಿ ಪುಸ್ತಕ ಬೇಕು, ಮತ್ತೊಂದಕ್ಕೆ ಬಣ್ಣದಲ್ಲಿ ಸೀಸ ಇರಕೂಡದು. ಉಪೇಂದ್ರ ರೇಗುತ್ತಿದ್ದ: “ಸುಂಕವಾದ್ರೆ ಕಟ್ಟಿ ಕೈ ತೊಳ್ಕೋಬಹುದು ಕಣೇ. ಇದು ಹಾಗಲ್ಲ. ಒಬ್ಬಳೇ ಹುಡುಗೀನ ಹತ್ತು ಮನೆಯವರಿಗೆ ತೋರಿಸ್ದಂಗೆ. ಒಬ್ರಿಗೆ ಮೂಗು ಉದ್ದ, ಇನ್ನೊಬ್ರಿಗೆ ಜಡೆ ಗಿಡ್ಡ.” ರೇಗುತ್ತಲೇ ಜಾಲರಿ ಹಾಕಿಸುತ್ತಿದ್ದ, ಬಣ್ಣ ಬದಲಾಯಿಸುತ್ತಿದ್ದ. ಅವನ ರೇಗಾಟವನ್ನೂ ಕೇಳಬೇಕು ಅನ್ನಿಸುವ ಕಾಲ ಬರುತ್ತದೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಕೊರೊನಾದ ಎರಡನೆಯ ಅಲೆ ಅವನನ್ನು ಒಯ್ದಿತು. ಕಾರ್ಖಾನೆ ಸೀತಾಲಕ್ಷ್ಮಿಯ ಹೆಗಲಿಗೆ ಬಂತು. ಅಂದಿನಿಂದ ಮಷೀನಿಗೆ ಉಡಿ ತುಂಬುವಾಗ ಅವಳು ಹತ್ತಿರ ಹೋಗಿಲ್ಲ. ಆಫೀಸಿನ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಹೋಗಬೇಡ ಎಂದು ಯಾರೂ ಹೇಳಿಲ್ಲ. ಮುತ್ತೈದೆಯರು ಮಾಡುವ ಕೆಲಸ. ವಿಧವೆ ಉಡಿ ತುಂಬುವುದಿಲ್ಲ, ಅವಳ ಉಡಿಯನ್ನು ಯಾರೂ ತುಂಬುವುದಿಲ್ಲ. ಹೊರಟ ಮಷೀನಿಗೆ ತನ್ನಿಂದ ಕೆಡುಕಾಗುವುದು ಬೇಡವೆಂದು ತಾನೇ ಹಿಂದೆ ಸರಿದಿದ್ದಳು.

ಗುರುವಾರ ಮಧ್ಯಾಹ್ನ, ಲಕ್ಷ್ಮವ್ವ ರೊಟ್ಟಿಯ ಬುತ್ತಿ ಬಿಚ್ಚಿ ಕೂತಾಗ, ಸೀತಾಲಕ್ಷ್ಮಿ ಪಕ್ಕದಲ್ಲಿ ಕೂತು ಹೇಳಿಬಿಟ್ಟಳು. ವಿಡಿಯೋ ತೋರಿಸಿದಳು. ಲಕ್ಷ್ಮವ್ವ ಅದನ್ನು ಎರಡು ಸಲ ನೋಡಿದಳು.

“ಆಮ್ಯಾಲ ಏನ್ ಮಾಡಿದ್ರಂತ ಅಕ್ಕಾರ? ಕಸಕ್ಕ ಚೆಲ್ಲಿದ್ರೇನು?”

“ಇಲ್ಲ, ಸುಟ್ಟುಬಿಟ್ರಂತೆ.”

“ಹಂಗಾರ ಛಲೋ ಆತು ಬಿಡ್ರಿ. ಯಾರೂ ತುಳೀಲಿಲ್ಲ.” ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ. “ನಮ್ಮ ಅಕ್ಕ್ಯಾಗ ವಿಷ ಐತಿ ಅಂದ್ರೇನು?”

“ವಿಷ ಅಲ್ಲ ಲಕ್ಷ್ಮವ್ವ. ಒಂದು ಹುಳ ಹೋದ್ರೂ ಅವರ ಹೊಲ ಎಲ್ಲ ಹಾಳಾಗುತ್ತೆ ಅಂತ ಭಯ. ನಮ್ಮ ಕಾಂಪೌಂಡಲ್ಲಿ ಕಾಂಗ್ರೆಸ್ ಕಸ ಬೆಳೆದಿದ್ಯಲ್ಲ, ಅದೂ ಹೊರದೇಶದ ಗೋಧಿ ಜೊತೆ ಬಂದಿದ್ದು ಅಂತಾರೆ. ಇವತ್ತಿಗೂ ಕಿತ್ತು ಮುಗಿದಿಲ್ಲ ನೋಡು. ಇನ್ನೊಂದು ಕಾಳು ಸಿಕ್ಕಿದ್ರೂ ನಮ್ಮ ಕಾರ್ಖಾನೆ ಮುಚ್ಚಿದ ಹಾಗೇ.”

ಲಕ್ಷ್ಮವ್ವ ತಲೆಯಾಡಿಸಿದಳು. ತಿಳಿಯಿತೆಂದೋ, ನೋವಾಯಿತೆಂದೋ ಗೊತ್ತಾಗಲಿಲ್ಲ. ಬುತ್ತಿ ಕಟ್ಟಿಕೊಂಡು ಎದ್ದು ಹೋದಳು.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು ಎಲ್ಲರೂ ನಿಂತಿದ್ದರು. ಸಮನ್ವಿತಾ ಟಾರ್ಚು ಬಿಟ್ಟು ಫೋಟೋ ತೆಗೆಯುತ್ತಿದ್ದಳು. ಆಗ ಲಕ್ಷ್ಮವ್ವ ಬಂದಳು. ತಲೆಗೆ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರ ಮೇಲೆ ಖಣದ ಬಟ್ಟೆ.

ಸೀತಾಲಕ್ಷ್ಮಿ ಪೆಟ್ಟಿಗೆಗೆ ಅಡ್ಡ ನಿಂತಳು. “ಲಕ್ಷ್ಮವ್ವ! ಅಷ್ಟು ಬಿಡಿಸಿ ಹೇಳಿದ್ರೂ ತಂದ್ಯಲ್ಲ! ಎಲ್ಲರ ಅನ್ನಕ್ಕೂ ಮಣ್ಣು ಹಾಕ್ಬೇಕು ಅಂತಿದೀಯಾ?”

ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅವಳು ಲಕ್ಷ್ಮವ್ವನಿಗೆ ದನಿ ಏರಿಸಿರಲಿಲ್ಲ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಆಗಲೇ ಹೋಗಿತ್ತು. ಲಕ್ಷ್ಮವ್ವ ತಟ್ಟೆಯನ್ನು ದೂರದ ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ತೊಳೆದುಕೊಂಡು, ಸೀರೆ ಕೊಡವಿ ಬಂದಳು. ಮಷೀನಿನ ಸಂದುಗೊಂದನ್ನೆಲ್ಲ ತಾನೇ ಒರೆಸಿದಳು. ಮಗುವಿನ ಕಿವಿ ಒರೆಸುವ ಹಾಗೆ, ಬಟ್ಟೆಯ ತುದಿ ಹೊಸೆದು ಬೋಲ್ಟುಗಳ ಬುಡವನ್ನೂ ಬಿಡಲಿಲ್ಲ. ಸಮನ್ವಿತಾ ಸಾಕು ಸಾಕು ಎಂದರೂ ಮತ್ತೊಮ್ಮೆ ಒರೆಸಿದಳು. ಮುಚ್ಚಳ ಬಿತ್ತು, ಮೊಳೆ ಹೊಡೆದರು, ಲಾರಿ ಗೇಟು ದಾಟಿತು.

ಇನ್ನು ತಕರಾರಿಲ್ಲ ಎಂದು ಸೀತಾಲಕ್ಷ್ಮಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಉಪೇಂದ್ರ ಗೀಚಿದ ನಕ್ಷೆಯಿಂದ ಹುಟ್ಟಿದ ಮಷೀನು ಬರಿಗೈಯಲ್ಲಿ ಹೋಯಿತಲ್ಲ ಎನ್ನಿಸಿತು. ಆಫೀಸಿನ ಬಾಗಿಲಿಗೆ ಒರಗಿ ನಿಂತಳು. ಕಣ್ಣೀರು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಲಕ್ಷ್ಮವ್ವ ಕಿಟಕಿಯ ಕಟ್ಟೆಯಿಂದ ತಟ್ಟೆ ಎತ್ತಿಕೊಂಡು ಅವಳೆದುರು ಬಂದು ನಿಂತಳು.

“ಬೈದುಬಿಟ್ಟೆ ಲಕ್ಷ್ಮವ್ವ, ಮನಸ್ಸಿಗೆ ಹಚ್ಕೋಬೇಡ.”

“ಮಷೀನಿಗೆ ತಂದಿದ್ದಲ್ರಿ ಇದು. ನಿಮಗ ತಂದೀನಿ. ಸೆರಗು ಒಡ್ರಿ.”

ಸೀತಾಲಕ್ಷ್ಮಿ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. “ಏನು ಮಾತು ಅಂತ ಆಡ್ತೀಯ? ನಂಗೆ ತುಂಬಬಾರದು. ಗೊತ್ತಿಲ್ವಾ ನಿಂಗೆ?”

“ಅದು ಯಾವ ದೇಶದ ಕಾಯ್ದೆರೀ, ಅಕ್ಕಾರ?”

ಲೇತಿನ ಮುಂದಿದ್ದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಸಮನ್ವಿತಾ ಫೋನು ಕೆಳಗಿಳಿಸಿದಳು. ಲಕ್ಷ್ಮವ್ವ ತಟ್ಟೆ ಹಿಡಿದು ಕಾಯುತ್ತಲೇ ಇದ್ದಳು, ಅವಸರವಿಲ್ಲದವಳಂತೆ. ಸೀತಾಲಕ್ಷ್ಮಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ, ಎರಡೂ ಕೈಗಳಲ್ಲಿ ಒಡ್ಡಿದಳು.