ಬಾಟಲಿಗೆ ಅಂಟಿಸಿದ ದಾರಿ

ಆ ಮರ ಕಡಿದವರು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾದರೆ ಅವರ ಮನೆಯಂಗಳಕ್ಕೇ ಹೋಗಿ, ನಾಲ್ಕು ಜನರೆದುರು ಮುಖಕ್ಕೆ ಉಗಿದು ಬರುವವಳು ನಾನು. ಆದರೆ ಅವರಿಗೆ ದಾರಿ ತೋರಿಸಿದವಳೂ ನಾನೇ. ಅದಕ್ಕೇ ಈ ಸಿಟ್ಟು ಇಳಿಯುತ್ತಿಲ್ಲ.

ನನ್ನ ಹೆಸರು ಜ್ಯೋತಿಲಕ್ಷ್ಮಿ. ಸಾಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದೇನೆ. ಹೆಸರು ತಂದುಕೊಟ್ಟಿದ್ದು ಜೀರಿಗೆ ಮಿಡಿ. ಹೊಸನಗರದಾಚೆ ಹೊಳೆದಂಡೆಯ ಒಂದೇ ಒಂದು ಕಾಡುಮಾವಿನ ಮರದ್ದು. ತೊಟ್ಟು ಮುರಿದರೆ ಜೀರಿಗೆ ಹುರಿದ ಹಾಗೆ ಪರಿಮಳ. ಆ ಮರ ಹತ್ತುತ್ತಿದ್ದವರು ಶೇಷಪ್ಪ, ಅರವತ್ತು ದಾಟಿದವರು. ಮಿಡಿ ನೆಲಕ್ಕೆ ಬಿದ್ದರೆ ಉಪ್ಪಿನಲ್ಲಿ ನಿಲ್ಲುವುದಿಲ್ಲ, ತೊಟ್ಟು ಕಳಚಿದರೆ ಸೊನೆ ಸೋರಿ ಹಾಳು. ಹಾಗಾಗಿ ಗೊಂಚಲನ್ನು ಕೈಯಲ್ಲೇ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು.

ಮಿಡಿ ಕೊಯ್ಯುವವರಲ್ಲಿ ಒಂದು ಕಟ್ಟುಪಾಡಿದೆ. ಮರದ ದಾರಿ ಯಾರಿಗೂ ಹೇಳಬಾರದು. ಹೋದ ದಾರಿಯಲ್ಲಿ ವಾಪಸು ಬರಬಾರದು. ಬುಟ್ಟಿಯ ಮೇಲೆ ಸೊಪ್ಪು ಮುಚ್ಚಬೇಕು. ಎದುರು ಸಿಕ್ಕವರು ಎಲ್ಲಿಗೆ ಹೋಗಿದ್ದೆ ಎಂದರೆ “ಸೊಪ್ಪಿಗೆ ಹೋಗಿದ್ದೆ” ಎನ್ನಬೇಕು. ಕೇಳಿದವರಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ, ಮುಂದೆ ಕೇಳುವುದಿಲ್ಲ. ನನ್ನೊಬ್ಬಳ ಹತ್ತಿರ ಮಾತ್ರ ಶೇಷಪ್ಪ ನಿಜ ಹೇಳುತ್ತಿದ್ದರು. “ಜೀರಿಗೆ ಮರಕ್ಕೆ ಹೋಗಿದ್ದೆ ಅಮ್ಮ, ಇನ್ನೊಂದೆಂಟು ದಿನ ಬೇಕು” ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಸಾಗರದಲ್ಲಿ ಸಣ್ಣ ವ್ಯಾಪಾರಸ್ಥರಿಗೆ ಒಂದು ತರಬೇತಿ ನಡೆಯಿತು. ಎಐ, ಕ್ಲೌಡ್ ಬರುತ್ತಿವೆ, ತಯಾರಾಗಿ ಎಂದು. ಹೇಳಿಕೊಟ್ಟವನು ದೀಪಕ್, ಇಸ್ತ್ರಿ ಮುರಿಯದ ಅಂಗಿಯ ಹುಡುಗ. “ನಿಮ್ಮ ವ್ಯಾಪಾರದ ತಿಳಿವಳಿಕೆ ಯಾರದೋ ತಲೆಯಲ್ಲಿದ್ದರೆ, ಆ ತಲೆ ಹೋದ ದಿನ ವ್ಯಾಪಾರವೂ ಹೋಯ್ತು ಮೇಡಂ. ಎಲ್ಲಾ ಕ್ಲೌಡಿಗೆ ಹಾಕಿ” ಎಂದ. ಮಾತು ಸುಳ್ಳಲ್ಲ. ಆ ವರ್ಷ ಶೇಷಪ್ಪನವರ ಮೊಣಕಾಲು ಊದಿಕೊಂಡಿತ್ತು.

ಮುಂದಿನ ವಾರವೇ ಅವರ ಹಿಂದೆ ಹೊರಟೆ. ಹದಿನೇಳು ಮರ. ಪ್ರತಿ ಮರದ ಬುಡದಲ್ಲೂ ನಿಂತು ಫೋಟೋ, ಜಾಗದ ಗುರುತು, ಹೂ ಬಂದ ದಿನ, ಪರಿಮಳ, ಎಲ್ಲ ಫೋನಿಗೆ ಹಾಕಿದೆ. ಜೀರಿಗೆ ಮರದ ಹತ್ತಿರ ಶೇಷಪ್ಪ ನನ್ನ ಕೈಗೆ ಅಡ್ಡ ಬಂದರು.

“ಇದೊಂದ್ ಬ್ಯಾಡ ಅಮ್ಮ. ಮರದ ದಾರಿ ಬರಿಯೋದಲ್ಲ. ನಮ್ಮಪ್ಪ ನಂಗೆ ಕೈ ಹಿಡ್ಕಂಡು ತೋರ್ಸಿದ್ದು, ಬಾಯಲ್ಲೂ ಹೇಳ್ಲಿಲ್ಲ.”

“ನಿಮ್ಮ ನಂತ್ರ ಯಾರಿಗ್ ಗೊತ್ತಾಗ್ಬೇಕು ಶೇಷಣ್ಣ? ನಾನೊಬ್ಳೇ ನೋಡೋದು ಇದು.”

ಅವರು ಅಡ್ಡ ಹಿಡಿದ ಕೈ ತೆಗೆದರು. “ನೀವೊಬ್ರೇ ಅಂತೀರಲ್ಲ, ಹಂಗಾರೆ ಹಾಕ್ಕಳಿ” ಎಂದರು.

ಆ ಹಂಗಾಮಿನಲ್ಲಿ, ನಾನು ಹಾಕಿದ್ದನ್ನೆಲ್ಲ ಲೆಕ್ಕ ಹಾಕಿ ಎಐ ಹೇಳಿದ ದಿನಕ್ಕೂ ಮಿಡಿ ನಿಜವಾಗಿ ಬಲಿತ ದಿನಕ್ಕೂ ಎರಡೇ ದಿನದ ವ್ಯತ್ಯಾಸ. ನಾನು ನೆಲದ ಮೇಲೆ ನಡೆಯಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಫೋನ್ ತೋರಿಸಿ ಜಂಭ ಕೊಚ್ಚಿದೆ. ಆಗ ದೀಪಕ್ ಇನ್ನೊಂದು ಹೇಳಿದ. ಬಾಟಲಿಗೆ ಒಂದು ಕ್ಯೂಆರ್ ಕೋಡ್ ಅಂಟಿಸಿ, ಗಿರಾಕಿ ಫೋನ್ ಹಿಡಿದರೆ ತನ್ನ ಮಿಡಿ ಯಾವ ಮರದ್ದೆಂದು ಕಾಣಲಿ, ಮುಂದೆಲ್ಲ ಇದೇ ಕಾಲ ಎಂದ. ಪುಟವನ್ನು ಅವನೇ ಮಾಡಿಕೊಟ್ಟ. ಒಪ್ಪಿಗೆ ಇದೆಯೇ ಎಂಬ ಚೌಕಕ್ಕೆ ನಾನು ಓದದೆ ಟಿಕ್ ಹಾಕಿದೆ. ಎಂಟುನೂರು ಬಾಟಲಿಗೆ ನನ್ನ ಕೈಯಾರೆ ಚೀಟಿ ಅಂಟಿಸಿದೆ. ಒಂದಕ್ಕಾದರೂ ಫೋನ್ ಹಿಡಿದು ನೋಡಲಿಲ್ಲ. ನನ್ನ ಬಾಟಲಿ ನನಗೆ ಗೊತ್ತಿಲ್ಲವೇ ಎಂಬ ಕೊಬ್ಬು. ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವವರಿಗೆ ಅದರ ಭಾರ ಮೊದಲೇ ಗೊತ್ತಾಗುವುದಿಲ್ಲ.

ಈ ವರ್ಷ ಮಾರ್ಚಿ ಮೊದಲ ವಾರ ಶೇಷಪ್ಪನವರೂ ನಾನೂ ಹೊಳೆದಂಡೆಗೆ ಹೋದೆವು. ದೂರದಿಂದಲೇ ಆಕಾಶ ಹೆಚ್ಚು ಕಂಡಿತು. ಮರ ಅಡ್ಡ ಬಿದ್ದಿತ್ತು. ಹತ್ತುವ ಕಷ್ಟ ಯಾಕೆಂದು ಬುಡಕ್ಕೇ ಯಂತ್ರದ ಗರಗಸ ಇಟ್ಟಿದ್ದರು. ಗೊಂಚಲು ಕೊಯ್ದುಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಬೊಡ್ಡೆಯಲ್ಲಿ ಇನ್ನೂ ಅಂಟು ಒಸರುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಬಾಯಿಗೆ ಬಂದಂತೆ ಬೈದೆ, ಹೊಳೆಗೆ, ಕಾಡಿಗೆ, ಕಾಣದವರಿಗೆ. ಶೇಷಪ್ಪ ಬೊಡ್ಡೆಯ ಮೇಲೆ ಒಮ್ಮೆ ಕೈಯಾಡಿಸಿ, ಹಗ್ಗ ಸುತ್ತಿಕೊಂಡು ಹೊರಟರು.

ಅಂಗಡಿಗೆ ಬಂದು ಮೊದಲ ಸಲ ನನ್ನ ಬಾಟಲಿಗೇ ಫೋನ್ ಹಿಡಿದೆ. ಮರದ ಫೋಟೋ ಬಂತು. ಕೆಳಗೆ ನಕ್ಷೆ, ನಕ್ಷೆಯ ಮೇಲೆ ಕೆಂಪು ಗುರುತು, ಹೊಸನಗರ ಬಸ್‌ಸ್ಟ್ಯಾಂಡಿನಿಂದ ಎಷ್ಟು ಕಿಲೋಮೀಟರ್, ಎಲ್ಲಿ ತಿರುಗಬೇಕು, ಎಲ್ಲ. ಅದರ ಕೆಳಗೆ, ಮಿಡಿ ಯಾವ ದಿನಕ್ಕೆ ಬಲಿಯುತ್ತದೆ ಎಂಬ ಎಐ ಲೆಕ್ಕವೂ ಇತ್ತು. ಕಳ್ಳರಿಗೆ ತಾರೀಖು ಸಮೇತ ಆಮಂತ್ರಣ ಕೊಟ್ಟಿದ್ದೆ.

ದೀಪಕ್‌ಗೆ ಫೋನ್ ಮಾಡಿದೆ.

“ಅದು ಡೀಫಾಲ್ಟ್ ಸೆಟ್ಟಿಂಗ್ ಮೇಡಂ. ನೀವೇ ಟಿಕ್ ಹಾಕಿದ್ರಲ್ಲ. ಈಗ್ಲೇ ಡಿಲೀಟ್ ಮಾಡ್ತೀನಿ, ಎರಡು ನಿಮಿಷ.”

“ಮರ ವಾಪಸ್ ಬರುತ್ತಾ?”

“ಎಮೋಷನಲ್ ಆಗ್ಬೇಡಿ ಮೇಡಂ. ಅಂದಹಾಗೆ, ಬರೋ ವಾರ ತೀರ್ಥಹಳ್ಳೀಲಿ ಟ್ರೈನಿಂಗ್ ಇದೆ. ನಿಮ್ಮ ಸಕ್ಸೆಸ್ ಬಗ್ಗೆ ನಾಲ್ಕ್ ಮಾತಾಡ್ಬೇಕು.”

ಬರುತ್ತೇನೆ ಎಂದೆ. ಡಿಲೀಟ್ ಅಲ್ಲಿವರೆಗೆ ಬೇಡ ಎಂದೂ ಹೇಳಿದೆ.

ತೀರ್ಥಹಳ್ಳಿಯ ಆ ಸಭಾಂಗಣದಲ್ಲಿ ಐವತ್ತು ಜನರಿದ್ದರು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು ಎಲ್ಲರೂ ಫೋನ್ ಹಿಡಿಯಿರಿ ಎಂದೆ. ಹಿಡಿದರು. ಚಂದ ಇದೆ ಎಂದು ಯಾರೋ ಹೇಳಿದರು.

“ಚಂದ ಇತ್ತು. ಈಗ ಅಲ್ಲಿ ಬೊಡ್ಡೆ ಮಾತ್ರ ಇದೆ. ಈ ಚೀಟಿ ನೋಡಿ ಹೋಗಿ ಕಡಿದ್ರು. ಚೀಟಿ ಅಂಟಿಸಿದ್ದು ನಾನು.”

ದೀಪಕ್ ಮೈಕಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಗಿರಿಧರ ಎಂಬ ಕಾಳುಮೆಣಸಿನ ವ್ಯಾಪಾರಿ ಎದ್ದು ನಿಂತರು. “ಹಂಗಾದ್ರೆ ಕ್ಲೌಡೇ ಬೇಡ ಅಂತೀರಾ?”

“ಬೇಡ ಅಂದಿಲ್ಲ. ನನ್ನ ಆರ್ಡರ್, ಬಿಲ್ಲು ಈಗ್ಲೂ ಅದ್ರಲ್ಲೇ ಇದಾವೆ. ಯಾವ್ದು ಹಾಕ್ಬೇಕು, ಯಾವ್ದು ಹಾಕ್ಬಾರ್ದು, ಹಾಕಿದ್ದನ್ನ ಯಾರ್ ಯಾರು ನೋಡ್ತಾರೆ ಅಂತ ಮೊದ್ಲು ನಾವ್ ಕೇಳ್ಬೇಕು. ಯಾರ ತಲೇಲಿ ಇತ್ತೋ ಅವ್ರು ಬೇಡ ಅಂದ್ರೆ ಅಲ್ಲಿಗೆ ನಿಲ್ಲಿಸ್ಬೇಕು. ನಮ್ಮ ಶೇಷಣ್ಣ ಬೇಡ ಅಂದಿದ್ರು. ನಾನು ಇವನ ಮಾತು ಕೇಳ್ದೆ.”

ದೀಪಕ್‌ನ ಕೈಯಿಂದಲೇ ಪುಟ ಅಳಿಸಿಸಿದೆ. ಎರಡು ನಿಮಿಷವೂ ಆಗಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಎಷ್ಟು ಹೊತ್ತು ಬೇಕು.

ವಾಪಸು ಬರುವಾಗ ಬಸ್ಸು ಹೊಸನಗರದಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯಾಚೆ ಶೇಷಪ್ಪ ಕಂಡರು. ಆ ದಿನದ ನಂತರ ಅವರು ಅಂಗಡಿ ಕಡೆ ಬಂದಿರಲಿಲ್ಲ, ಫೋನೂ ಎತ್ತಿರಲಿಲ್ಲ. ನಾನು ಇಳಿದು ಓಡಿದೆ. ಅವರ ಕಂಕುಳಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಹಸಿ ಸೊಪ್ಪು. ಮುಂಗೈ ಮೇಲೆ ಸೊನೆ ಸಿಡಿದು ಕಪ್ಪಾದ ಕಲೆ. ಸೊಪ್ಪಿನಡಿಯಿಂದ ಜೀರಿಗೆಯ ಪರಿಮಳ ಬರುತ್ತಿತ್ತು. ಇನ್ನೊಂದು ಮರವಿತ್ತು. ಆ ಹದಿನೇಳರಲ್ಲಿ ಸೇರದ್ದು, ನನಗೂ ತೋರಿಸದೆ ಉಳಿಸಿಕೊಂಡದ್ದು.

“ಶೇಷಣ್ಣ, ಎಲ್ಲಿಗ್ ಹೋಗಿದ್ರಿ?”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

“ಸೊಪ್ಪಿಗೆ ಹೋಗಿದ್ದೆ ಅಮ್ಮ” ಎಂದರು.

ಆಮೇಲೆ ಮುಂದೆ ಕೇಳಬಾರದು. ನಾನು ಕೇಳಲಿಲ್ಲ.